ಸೋಂಕಿಗೆ ಮದ್ದಾದ ಪೆಪ್ಟೈಡುಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)

ಸೊಲ್ಲಾಪುರ ಅಕ್ಕಲಕೋಟೆಗಳ ಕನ್ನಡ ಬಂಧುಗಳೇ,

ಭಾಷಾಬೋಧಕರಾದ ನಾವು ಇಂದು ವೈದ್ಯಶಾಸ್ತ್ರದ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ರೋಗವು ಯಾವ ಭಾಷೆಯವರನ್ನೂ ಬಿಡದಿರುವಾಗ ಅದರ ಮದ್ದಿನ ವಿಚಾರವು ನಮ್ಮ ನುಡಿಯಲ್ಲಿಯೂ ತಿಳಿದಿರಬೇಕಷ್ಟೆ.

1910ರಲ್ಲಿ ಈ ಊರಿನಲ್ಲಿ ಜನಿಸಿದ ಡಾಕ್ಟರ್ ದ್ವಾರಕಾನಾಥ ಕೋಟ್ಣೀಸರು 1938ರಲ್ಲಿ ಚೀನಾ ದೇಶಕ್ಕೆ ತೆರಳಿ, ಯುದ್ಧದಲ್ಲಿ ಗಾಯಗೊಂಡವರ ಶುಶ್ರೂಷೆ ಮಾಡುತ್ತ 1942ರಲ್ಲಿ ಅಲ್ಲಿಯೇ ತೀರಿಕೊಂಡುದು ತಮಗೆಲ್ಲ ವಿದಿತವೇ. ಗಾಯ ಕೀವುಗಟ್ಟಿದರೆ ತಡೆಯಬಲ್ಲ ಔಷಧಗಳು ಅಂದು ವಿರಳ. ಆ ಕಾಲದಲ್ಲಿಯೇ ಶೋಧಕರು ಮಣ್ಣಿನಲ್ಲಿ ಮದ್ದನ್ನು ಅರಸತೊಡಗಿದ್ದರು. 1939ರಲ್ಲಿ ಅಮೆರಿಕೆಯಲ್ಲಿ ರೆನೆ ಡ್ಯೂಬೋ ಅವರು ಮಣ್ಣಿನ ಬ್ಯಾಕ್ಟೀರಿಯಾದಿಂದ ಗ್ರಾಮಿಸಿಡಿನ್ ಎಂಬುದನ್ನು ಪಡೆದರು. 1942ರಲ್ಲಿ ರಷ್ಯದ ಗೌಸೆ ಮತ್ತು ಬ್ರಾಜ್ನಿಕೋವಾ ಅವರು ಕಂಡುಹಿಡಿದ ಗ್ರಾಮಿಸಿಡಿನ್ ಎಸ್ ಸೈನಿಕರ ಗಾಯಗಳಿಗೆ ಲೇಪವಾಯಿತು.

ಇವು ಪೆಪ್ಟೈಡುಗಳು. ಅಕ್ಷರಗಳು ಕೂಡಿ ಪದವಾಗುವಂತೆ ಅಮೈನೋ ಆಮ್ಲಗಳು ಕೂಡಿ ಪೆಪ್ಟೈಡು ಆಗುತ್ತದೆ. ಪ್ರೋಟೀನು ದೀರ್ಘವಾಕ್ಯವಾದರೆ ಇದು ಕಿರುಪದ. ಇಂಥ ಅನೇಕ ಪೆಪ್ಟೈಡುಗಳಲ್ಲಿ ಧನ ವಿದ್ಯುದಂಶವುಂಟು. ಬ್ಯಾಕ್ಟೀರಿಯಾದ ಪೊರೆಯಲ್ಲಿ ಋಣಾಂಶವುಂಟು. ಆದುದರಿಂದ ಇವು ಪೊರೆಗೆ ಅಂಟಿ ಅದನ್ನು ಭೇದಿಸುತ್ತವೆ. ನಮ್ಮ ಬೆವರಿನಲ್ಲಿಯೂ ಡರ್ಮ್‌ಸಿಡಿನ್ ಎಂಬ ಪೆಪ್ಟೈಡು ಇದೆ. ಮಗ್ಗದ ಮುಂದೆ ದುಡಿಯುವವನ ಬೆವರು ಅವನ ಚರ್ಮಕ್ಕೆ ಕಾವಲೂ ಹೌದು! ‘ಬಹುವಿಸ್ತಾರ’ ಎಂದು ಶಾಸ್ತ್ರಜ್ಞರು ಹೆಸರಿಟ್ಟ ದಕ್ಷಿಣ ಭಾರತದ ಕಪ್ಪೆಯೊಂದರ ಚರ್ಮದಲ್ಲಿ ಉರುಮಿನ್ ಎಂಬುದಿದೆ. ಅದು ಫ್ಲೂ ಜ್ವರದ ಎಚ್1 ವರ್ಗದ ವೈರಸುಗಳನ್ನು ನಾಶಮಾಡಿ ಸೋಂಕಿತ ಇಲಿಗಳನ್ನು ರಕ್ಷಿಸಿತೆಂದು 2017ರಲ್ಲಿ ತಿರುವನಂತಪುರದ ಹಾಗೂ ಅಮೆರಿಕೆಯ ವಿಜ್ಞಾನಿಗಳು ಪ್ರಕಟಿಸಿದರು.

ಆದರೆ ಇಲಿಗೆ ಒಗ್ಗಿದ್ದೆಲ್ಲ ಮನುಷ್ಯನಿಗೆ ಔಷಧವಾಗದು. ನುಂಗಿದ ಪೆಪ್ಟೈಡು ಬಹುಮಟ್ಟಿಗೆ ಹೊಟ್ಟೆಯಲ್ಲಿಯೇ ಜೀರ್ಣವಾಗುತ್ತದೆ. ಗ್ರಾಮಿಸಿಡಿನ್ ರಕ್ತವನ್ನು ಸೇರಿದರೆ ಕೆಂಪುಕಣಗಳನ್ನೇ ಒಡೆಯುತ್ತದೆ. ಅದು ಲೇಪವಾಗಿಯೇ ಉಳಿದುದು ಈ ಕಾರಣದಿಂದ.

ಇದೇ ಕುಲದ ಕೊಲಿಸ್ಟಿನ್, ಬೇರೆ ಮದ್ದುಗಳು ಸೋತಾಗ ವೈದ್ಯರು ಹಿಡಿಯುವ ಕಡೆಯ ಅಸ್ತ್ರ. ಮೂತ್ರಪಿಂಡಕ್ಕೆ ಹಾನಿಯಾದೀತೆಂಬ ಅಂಜಿಕೆಯಿದ್ದರೂ ಪ್ರಾಣ ಉಳಿಸಲು ಅದನ್ನು ಕೊಡಬೇಕಾಗುತ್ತದೆ. ಅಂಥ ಅಸ್ತ್ರವನ್ನು ಕೋಳಿಗಳು ಬೇಗ ಬೆಳೆಯಲೆಂದು ಮೇವಿನಲ್ಲಿ ಬೆರೆಸಿದರು! ಕೊಲಿಸ್ಟಿನ್ನಿಗೆ ಮಣಿಯದ ಶಕ್ತಿಯನ್ನು ಒಂದು ಬ್ಯಾಕ್ಟೀರಿಯಾ ಮತ್ತೊಂದಕ್ಕೆ ದಾಟಿಸಬಲ್ಲ ಜೀನು, ಕೋಟ್ಣೀಸರು ದುಡಿದ ಚೀನಾದಲ್ಲಿಯೇ ಕಂಡುಬಂದುದು 2015ರಲ್ಲಿ ಪ್ರಕಟವಾಯಿತು. 2019ರಲ್ಲಿ ಭಾರತ ಸರ್ಕಾರವು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು.

ಕಾನೂನೊಂದೇ ಸಾಲದು, ಬಂಧುಗಳೇ. ವೈದ್ಯರನ್ನು ಕೇಳದೆ ಅಂಗಡಿಯಿಂದ ಗುಳಿಗೆ ತರುವುದು, ಒಬ್ಬರಿಗೆ ಬರೆದುಕೊಟ್ಟುದನ್ನು ಇನ್ನೊಬ್ಬರು ನುಂಗುವುದು, ಇವನ್ನು ಮೊದಲು ನಮ್ಮ ನಮ್ಮ ಮನೆಗಳಲ್ಲಿ ನಿಲ್ಲಿಸೋಣ. ಕೋಟ್ಣೀಸರ ಕಾಲಕ್ಕಿಲ್ಲದ ಮದ್ದು ನಮಗೆ ದೊರೆತಿದೆ. ಅದು ನಮ್ಮ ಮೊಮ್ಮಕ್ಕಳಿಗೂ ಫಲಿಸುವಂತೆ ಕಾಪಾಡುವ ಹೊಣೆ ನಮ್ಮದು.