ಬ್ರೆಡ್ಡು, ಒಂದು ನಗೆ

ಫ್ರಾನ್ಸಿನ ಲಿಸ್ಯೂ ಊರಿನಲ್ಲಿ ಕಾರ್ಮೆಲ್ ಪಂಥದ ಒಂದು ಕ್ರೈಸ್ತ ಮಠ. ಅಲ್ಲಿ ಕಾಯಿಲೆಯಿಂದ ಕೈಕಾಲು ಸೋತ ಒಬ್ಬ ವೃದ್ಧ ಸನ್ಯಾಸಿನಿ. ದಿನಾ ಸಂಜೆ ಅವರನ್ನು ಪ್ರಾರ್ಥನೆಯಿಂದ ಊಟದ ಕೋಣೆಗೆ ನಡೆಸಿಕೊಂಡು ಹೋಗಬೇಕು. ಬೇಗ ನಡೆದರೂ ಗೊಣಗಾಟ, ನಿಧಾನವಾದರೂ ಗೊಣಗಾಟ. ಆ ಕೆಲಸವನ್ನು ಕೇಳಿ ಪಡೆದವರು ತೆರೇಸಾ ಎಂಬ ಎಳೆಯ ಸನ್ಯಾಸಿನಿ. ಒಂದು ದಿನ ಅಜ್ಜಿಯನ್ನು ಕೂರಿಸಿ, ಅವರ ಉಡುಪಿನ ತೋಳು ಮಡಿಸಿಕೊಟ್ಟು ಹೊರಟಾಗ ಕಣ್ಣಿಗೆ ಬಿತ್ತು. ಆ ಕೈಗಳಿಗೆ ಬ್ರೆಡ್ಡು ಕತ್ತರಿಸುವುದೇ ಕಷ್ಟ. ಅಂದಿನಿಂದ ಅದನ್ನೂ ಕತ್ತರಿಸಿಕೊಟ್ಟು, ಒಮ್ಮೆ ಚೆನ್ನಾಗಿ ನಕ್ಕು ಹೋಗುತ್ತಿದ್ದರು.

ತೆರೇಸಾ ಮಠ ಸೇರಿದ್ದು 15ನೇ ವಯಸ್ಸಿಗೆ. 1897ರಲ್ಲಿ ಕ್ಷಯದಿಂದ ತೀರಿಕೊಂಡಾಗ ಬರೀ 24. ಮರುವರ್ಷ ಅವರ ಆತ್ಮಕಥನ ಅಚ್ಚಾಯಿತು. ಓದಿದವರು ಮಠಕ್ಕೆ ಕಾಗದದ ಮೇಲೆ ಕಾಗದ ಬರೆದರು. ಮೊದಲ ಮಹಾಯುದ್ಧದಲ್ಲಿ ಸೈನಿಕರು ಅವರ ಚಿತ್ರವನ್ನು ಜೊತೆಗಿಟ್ಟುಕೊಂಡರು. 1925ರಲ್ಲಿ ಪೋಪ್ 11ನೇ ಪಯಸ್ ಸಂತಪದವಿ ನೀಡಿದರು.

ಸಂತಪದವಿ ರೋಮ್‌ನಿಂದ ಇಳಿದು ಬರುತ್ತದೆ ಅನ್ನಿಸಬಹುದು. ವಿಚಾರಣೆ, ಸಾಕ್ಷಿ, ಪವಾಡಗಳ ಪರಿಶೀಲನೆ, ಎಲ್ಲವೂ ಇರುತ್ತದೆ, ನಿಜ. ಆದರೆ ಅದಕ್ಕೂ ಮೊದಲೇ ಜನ ತಮ್ಮ ಮನಸ್ಸಿನಲ್ಲಿ ದೀಪ ಹಚ್ಚಿರುತ್ತಾರೆ. ತೆರೇಸಾ ಸಾಹಸ ಮಾಡಿದವರಲ್ಲ, ಊರೂರು ಸುತ್ತಿದವರೂ ಅಲ್ಲ. ಹಾಗಾಗಿಯೇ ಇರಬೇಕು, ಮನೆಯಲ್ಲಿ ಸಿಡುಕುವ ಹಿರಿಯರಿಗೆ ಅನ್ನ ಕಲಸಿಕೊಡುವವರಿಗೆ ಅವರು ತಮ್ಮವರು ಅನ್ನಿಸಿದ್ದು.

ಆ ಅಜ್ಜಿಯ ಮನಸ್ಸು ಗೆದ್ದದ್ದು ಆ ನಗೆಯಂತೆ. ತೆರೇಸಾಗೆ ಅದು ಗೊತ್ತಾದದ್ದು ಆಮೇಲೆ.