ಮೊಲದ ಮೈಕಡಿತ



ಮಕ್ಕಳು ಅಕ್ಕರೆಯಿಂದ ಸಾಕಿದ ಮೊಲ ಮೈ ಕೆರೆದುಕೊಳ್ಳುತ್ತಿದೆಯೇ? ಕೂದಲು ಉದುರುತ್ತಿದೆಯೇ? ಗಬ್ಬದ ಮೊಲ ತನ್ನ ಎದೆಯ ಕೂದಲು ಕಿತ್ತು ಗೂಡಿಗೆ ಹಾಸಿಕೊಂಡರೆ ಗಾಬರಿ ಬೇಡ; ಅದು ಮರಿ ಹಾಕುವ ಸೂಚನೆ. ಆದರೆ ಮೂಗು, ಕಿವಿ, ಕಾಲುಗಳಲ್ಲಿ ಹಕ್ಕಳೆ ಕಟ್ಟಿದ್ದರೆ ಅದು ನುಸಿಯಿಂದ ಬಂದ ಕಜ್ಜಿ.

ಕೂಡಲೇ ಆ ಮೊಲವನ್ನು ಬೇರೆ ಇಡಿ. ಹಳೆಯ ಹುಲ್ಲುಹಾಸು ಸುಡಿ. ಮುಟ್ಟಿದ ಕೈ ಸೋಪು ಹಚ್ಚಿ ತೊಳೀರಿ; ಈ ಕಜ್ಜಿ ಮನುಷ್ಯರಿಗೂ ತಗಲೀತು. ಹಕ್ಕಳೆ ಕೀಳಬೇಡಿ. ನಾಯಿಯ ಉಣ್ಣೆಗೆಂದು ತಂದ ಫಿಪ್ರೊನಿಲ್ ಔಷಧಿ ಹಚ್ಚಲೇಬೇಡಿ. ಮೊಲ ಸತ್ತೇ ಹೋದೀತು.

ಪಶುವೈದ್ಯರು ತೂಕ ನೋಡಿ ಐವರ್ಮೆಕ್ಟಿನ್ ಸೂಜಿ ಹಾಕುತ್ತಾರೆ. ನುಸಿ ಸತ್ತರೂ ಅದರ ಮೊಟ್ಟೆ ಸಾಯದು. ಆದ್ದರಿಂದ 10-14 ದಿನಕ್ಕೆ ಮತ್ತೆ ಹಾಕಿಸಬೇಕು. ಕಡಿತ ನಿಂತಿತಲ್ಲಾ ಎಂದು ಎರಡನೆಯ ಸೂಜಿ ಬಿಟ್ಟೀರಿ, ಜೋಕೆ!