ಹಳೆಯ ವ್ಯಾನು ಕೊಳ್ಳುವ ಮುನ್ನ ಚಾಸಿ ನಂಬರು ನೋಡಿರಿ
(ಧುಪದಾಳದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ ಗೊಬ್ಬರದ ಮಾತು ಬಿಟ್ಟು ಈ ಹುಡುಗ ಗಾಡಿಯ ಮಾತಿಗೆ ಏಕೆ ಬಂದನೆಂದು ತಾವು ಕೇಳಬಹುದು. ಘಟಪ್ರಭೆಯ ನೀರಿನಿಂದ ಬೆಳೆದ ಕಾಯಿಪಲ್ಲೆ ಹೊತ್ತಿಗೆ ಸರಿಯಾಗಿ ಪೇಟೆ ಮುಟ್ಟಬೇಕಲ್ಲವೇ? ಹೊಸ ವ್ಯಾನು ಕೈಗೆಟುಕದು. ಗಡಹಿಂಗ್ಲಜ, ಕೊಲ್ಲಾಪುರ ನಮಗೆ ದೂರವಲ್ಲ. ಅಲ್ಲಿ ಹಳೆಯ ಓಮ್ನಿ ಅಗ್ಗವೆಂದು ಕೇಳಿದೊಡನೆ ನಮ್ಮವರು ರೊಕ್ಕ ಕಟ್ಟಿಕೊಂಡು ಹೊರಡುತ್ತಾರೆ. ಓಮ್ನಿ ತಯಾರಿಕೆ 2019ರಲ್ಲಿಯೇ ನಿಂತಿತು. ಆದುದರಿಂದ ಸಿಗುವುದೆಲ್ಲ ಹಳೆಯದೇ.

ನನ್ನ ಸೋದರಮಾವನವರೂ ಹೀಗೆಯೇ ಒಂದನ್ನು ತಂದರು. ಇಂಜಿನ್ನಿನ ಸದ್ದು ಕೇಳಿದರು, ಟಾಯರು ಒದ್ದು ನೋಡಿದರು, ಚಾಸಿ ನಂಬರು ಮಾತ್ರ ನೋಡಲಿಲ್ಲ. ಕಾರ್ಡಿನಲ್ಲಿ 8 ಇತ್ತು, ಗಾಡಿಯಲ್ಲಿ 3. ಇದೊಂದು ಅಂಕಿಗಾಗಿ ವ್ಯಾನು ದನದ ಕೊಟ್ಟಿಗೆಯ ಪಕ್ಕ ತಿಂಗಳುಗಟ್ಟಲೆ ನಿಂತಿತು; ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಮಾರುವವನ ಮನೆಯ ಮುಂದೆಯೇ ಈ ಕೆಲಸ ಮಾಡಿರಿ. ಲೋಹದಲ್ಲಿ ಕೊರೆದ ನಂಬರು ಎಲ್ಲಿದೆಯೆಂದು ಗಾಡಿಯ ಕೈಪಿಡಿಯಲ್ಲಿ ಬರೆದಿರುತ್ತದೆ. ಮಣ್ಣು, ಎಣ್ಣೆಯ ಜಿಡ್ಡನ್ನು ಸೀಮೆಎಣ್ಣೆಯ ಅರಿವೆಯಿಂದ ಒರೆಸಿರಿ. ಉಸುಕು ಕಾಗದ, ಅರ ಹಾಕಬೇಡಿರಿ. ಉಜ್ಜಿದ ಗುರುತು ಕಂಡರೆ ಅಧಿಕಾರಿಗಳಿಗೆ ಸಂಶಯ ಹುಟ್ಟುತ್ತದೆ. ತೆಳ್ಳನೆಯ ಕಾಗದವನ್ನು ಅದರ ಮೇಲೆ ಒತ್ತಿ ಹಿಡಿದು ಪೆನ್ಸಿಲನ್ನು ಅಡ್ಡ ಮಾಡಿ ಹಗುರಾಗಿ ಉಜ್ಜಿರಿ. ಮಕ್ಕಳು ನಾಣ್ಯದ ಅಚ್ಚು ತೆಗೆಯುವುದಿಲ್ಲವೇ, ಅದೇ ರೀತಿ. ಈ ಅಚ್ಚು ಮುಂದೆ ನಿರಾಕ್ಷೇಪಣ ಪತ್ರದ 28ನೆಯ ನಮೂನೆಗೂ ಬೇಕಾಗುತ್ತದೆ.

ಈಚಿನ ಗಾಡಿಗಳ ನಂಬರಿನಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಮಾರುತಿಯದು ಎಂಎ3 ಎಂದು ಮೊದಲಾಗುತ್ತದೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಈ 17ರಲ್ಲಿ ಬರುವುದಿಲ್ಲ. ಗುಂಡಗೆ ಕಂಡದ್ದು ಸೊನ್ನೆಯೆಂದೇ ತಿಳಿಯಿರಿ. ತೀರ ಹಳೆಯ ಗಾಡಿಯಲ್ಲಿ ನಂಬರು ಚಿಕ್ಕದಿದ್ದರೆ ಗಾಬರಿ ಬೇಡ, ಕಾರ್ಡಿನಲ್ಲಿಯೂ ಹಾಗೆಯೇ ಇರಬೇಕು, ಅಷ್ಟೇ. ತುಕ್ಕು ತಿಂದಿದ್ದರೆ ಗ್ಯಾರೇಜಿನವನಿಂದ ಮತ್ತೆ ಕೊರೆಯಿಸಲೇಬೇಡಿರಿ. ಅದನ್ನು ಸರಿಪಡಿಸಿಕೊಳ್ಳುವುದು ಈಗಿನ ಮಾಲಿಕನ ಹೊಣೆ, ಅವನ ನೋಂದಣಿ ಕಚೇರಿಯಲ್ಲಿ. ಇಂಜಿನ್ ನಂಬರನ್ನೂ ತಾಳೆ ನೋಡಿರಿ. ಇಂಜಿನ್ ಬದಲಾಗಿದ್ದರೆ ಕಾರ್ಡಿನಲ್ಲಿ ದಾಖಲೆಯಾಗಿರಬೇಕು. ಕಾರ್ಡಿನಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿಲ್ಲವೆಂದೇ ತಿಳಿಯಿರಿ.

ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡರೆ ಹೊಸ ನಂಬರು ಪಡೆಯಬೇಕೆಂದು 1988ರ ಮೋಟಾರು ವಾಹನ ಕಾಯದೆಯ 47ನೆಯ ಕಲಮು ಹೇಳುತ್ತದೆ. ಕೊಲ್ಲಾಪುರದ ಎಂಎಚ್-09 ಹೋಗಿ ಗೋಕಾಕದ ಕೆಎ-49 ಬರುತ್ತದೆ. ಅದಕ್ಕೆ 27ನೆಯ ನಮೂನೆ. ನಮ್ಮ ರಾಜ್ಯದ ತೆರಿಗೆ ಬೇರೆ. ಖಾಸಗಿ ಗಾಡಿಗೆ 15 ವರ್ಷ ತುಂಬಿದ್ದರೆ ನೋಂದಣಿಯನ್ನೂ ನವೀಕರಿಸಬೇಕು. ಇಷ್ಟೆಲ್ಲ ಕೂಡಿಸಿದ ಮೇಲೆ ಅಗ್ಗವೋ ತುಟ್ಟಿಯೋ ಮನೆಯಲ್ಲಿ ಕುಳಿತು ಲೆಕ್ಕ ಹಾಕಿರಿ. ನಿರಾಕ್ಷೇಪಣ ಪತ್ರ ಕೈಗೆ ಬರುವವರೆಗೆ ಪೂರ್ತಿ ರೊಕ್ಕ ಕೊಡಬೇಡಿರಿ.

ಪೆನ್ಸಿಲಿನ ಅಚ್ಚನ್ನೂ ಕಾರ್ಡಿನ ನಕಲನ್ನೂ ಹಿಡಿದು ಪಂಚಾಯತಿ ಕಟ್ಟೆಗೆ ಬಂದರೆ ಕೂಡಿಯೇ ಓದೋಣ. ಹುಳ ನೋಡುವ ಭೂತಗನ್ನಡಿ ನನ್ನ ಚೀಲದಲ್ಲಿಯೇ ಇರುತ್ತದೆ.